ಗಲ್ಲಾಪೆಟ್ಟಿಗೆಯ ಮೇಲಿನ ಕಣ್ಣು

ತಾಲ್ಲೂಕು ಖಜಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು, ಸಂಜೆಯ ಲೆಕ್ಕದಲ್ಲಿ ಒಂದು ದಿನವಾದರೂ ಒಂದು ಪೈಸೆಯ ವ್ಯತ್ಯಾಸ ಬಾರದಂತೆ ನಡೆದುಕೊಂಡು, ನಿವೃತ್ತರಾದ ರಾಯರೊಬ್ಬರು ತಮ್ಮ ಪತ್ನಿಯೊಡನೆ ಅಮೆರಿಕಾ ದೇಶದಲ್ಲಿರುವ ಮಗನ ಮನೆಗೆ ಹೋಗಿದ್ದರು. ಮಗನೂ ಸೊಸೆಯೂ ಬೆಳಗಾದರೆ ಕೆಲಸಕ್ಕೆ ಹೊರಡುವವರು. ಮನೆಯಿಂದ ಅರ್ಧ ಮೈಲಿ ದೂರದಲ್ಲಿದ್ದ ದೊಡ್ಡ ಅಂಗಡಿಗೆ ನಡೆದು ಹೋಗಿ ಹಾಲು ತರಕಾರಿಗಳನ್ನು ತರುವುದು ವೃದ್ಧ ದಂಪತಿಗಳಿಗೆ ಒಂದು ವಿನೋದವೂ ಆಗಿತ್ತು, ವ್ಯಾಯಾಮವೂ ಆಗಿತ್ತು.

ಆ ಅಂಗಡಿಯಲ್ಲಿ ಹಣ ತೆಗೆದುಕೊಳ್ಳುವ ಗುಮಾಸ್ತರು ಒಬ್ಬಿಬ್ಬರು ಮಾತ್ರ. ಉಳಿದ ಕಡೆಗಳಲ್ಲಿ ಗಿರಾಕಿಯೇ ಒಂದೊಂದು ಸರಕನ್ನೂ ಗಾಜಿನ ಮೇಲೆ ತೋರಿಸಿ, ಬೆಲೆಯನ್ನು ಯಂತ್ರಕ್ಕೆ ತಿಳಿಸಿ, ತಾನೇ ಚೀಲಕ್ಕೆ ತುಂಬಿಕೊಂಡು, ತಾನೇ ಹಣ ಸಲ್ಲಿಸಿ ಹೊರಡತಕ್ಕದ್ದು. ಒಂದು ದಿನ ರಾಯರು ಹೀಗೆ ಮಾಡುತ್ತಿರುವಾಗ ನೆತ್ತಿಯ ಮೇಲಿನ ದೀಪ ಕೆಂಪಾಯಿತು. ಯಂತ್ರವು ಮುಂದೆ ಹೋಗಲೊಲ್ಲದೆ ನಿಂತಿತು. ಅಂಗಡಿಯ ಹುಡುಗಿಯೊಬ್ಬಳು ಬಂದು ತನ್ನ ಗುರುತಿನ ಚೀಟಿಯನ್ನು ಯಂತ್ರಕ್ಕೆ ತೋರಿಸಿದಳು. ಪರದೆಯ ಮೇಲೆ ಚಲಿಸುವ ಚಿತ್ರವೊಂದು ಮೂಡಿತು. ಮೇಲಿನಿಂದ ನೋಡಿದಂತೆ ರಾಯರ ಬೋಳುತಲೆ, ಅವರ ಕೈ, ಕೈಯಲ್ಲೊಂದು ಕೊತ್ತಂಬರಿಯ ಕಟ್ಟು. ಕಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ರೊಟ್ಟಿ ನೆನೆದೀತೆಂದು ಅವರು ಅದನ್ನು ಗಾಜಿನ ಮೇಲೆ ಹಾಯಿಸದೆ, ಸುತ್ತು ಬಳಸಿ ಚೀಲದ ಮೂಲೆಗೆ ಇಟ್ಟಿದ್ದರು. ಪತ್ನಿಯು ತೋರಿಸಿಯಾಗಿದೆಯೆಂದು ಅವರು ತಿಳಿದಿದ್ದರು. ಅವರು ತೋರಿಸಿದ್ದಾರೆಂದು ಆಕೆ ತಿಳಿದಿದ್ದರು.

ಹುಡುಗಿ ನಕ್ಕು, ಕೊತ್ತಂಬರಿಯನ್ನು ತಾನೇ ತೋರಿಸಿ, ಶುಭವಾಗಲೆಂದು ಹೇಳಿ ಹೋದಳು. ಅಷ್ಟೇ ನಡೆದದ್ದು. ಆದರೆ ಹಿಂದೆ ಸಾಲುಗಟ್ಟಿ ನಿಂತಿದ್ದವರ ನೋಟ ರಾಯರ ಬೆನ್ನಿಗೆ ಅಂಟಿಕೊಂಡೇ ಮನೆಗೆ ಬಂದಿತು.

“ಇಷ್ಟಕ್ಕೆ ಮನಸ್ಸಿಗೆ ಏಕೆ ಹಚ್ಚಿಕೊಳ್ಳುತ್ತೀರಿ? ಆ ಮಗು ನಗುತ್ತಲೇ ಕಳಿಸಲಿಲ್ಲವೆ?” ಎಂದರು ಪತ್ನಿ.

“ಅವಳು ನಕ್ಕಳು, ನಿಜ. ಆ ಯಂತ್ರ ನನ್ನನ್ನು ಏನೆಂದು ತಿಳಿಯಿತು, ಹೇಳು” ಎಂದರು ರಾಯರು.

ಈ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ, ವ್ಯಾಪಾರದ ಸ್ಥಳದಲ್ಲಿ ಇಂಥ ಕಣ್ಣೊಂದು ಏಕೆ ಹುಟ್ಟಿತು, ಅದು ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಕಳವು ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಒದಗಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಧಿಕಾರಿಗಳು ರಾಜನ ಧನವನ್ನು ಅಪಹರಿಸುವ ಉಪಾಯಗಳನ್ನು ನಾಲ್ವತ್ತೆಂದು ಎಣಿಸಿದೆ. ತೂಕ ಅಳತೆಗಳನ್ನು ನೋಡಿಕೊಳ್ಳುವುದಕ್ಕೆ ಪೌತವಾಧ್ಯಕ್ಷನೆಂಬ ಪ್ರತ್ಯೇಕ ಅಧಿಕಾರಿಯನ್ನೂ ಅಲ್ಲಿ ಹೇಳಿದೆ. ಹಣ ಕೈಯಿಂದ ಕೈಗೆ ಹೋಗುವ ಕಡೆಯಲ್ಲಿ ಕಾವಲು ಬೇಕೆಂಬುದು ಆ ಕಾಲಕ್ಕೇ ನಿಶ್ಚಿತವಾಗಿದ್ದ ಮಾತು.

ಈ ಕಾವಲನ್ನು ಯಂತ್ರಕ್ಕೆ ಮೊದಲು ವಹಿಸಿಕೊಟ್ಟವನು ಜೇಮ್ಸ್ ರಿಟ್ಟಿ ಎಂಬಾತ. ಅಮೆರಿಕಾದ ಒಹಾಯೋ ಪ್ರಾಂತದ ಡೇಟನ್ ಪಟ್ಟಣದಲ್ಲಿ ಅವನಿಗೆ ಒಂದು ಪಾನಗೃಹವಿದ್ದಿತು. ನೌಕರರು ಹಣವನ್ನು ತಮ್ಮ ಜೇಬಿಗೆ ಇಳಿಸುತ್ತಿದ್ದುದರಿಂದ ಅವನು ಬೇಸತ್ತಿದ್ದನು. ಹಡಗಿನಲ್ಲಿ ಯೂರೋಪಿಗೆ ಹೋಗುವಾಗ, ಹಡಗಿನ ಚಕ್ರ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಯಂತ್ರವನ್ನು ಕಂಡು, ಹಣದ ವ್ಯವಹಾರವನ್ನೂ ಹೀಗೆಯೇ ಎಣಿಸಬಹುದಲ್ಲವೆ ಎಂದು ಯೋಚಿಸಿದನು. ಸೋದರನೊಡನೆ ಸೇರಿ ಅವನು 1879ರಲ್ಲಿ ಹಕ್ಕು ಪಡೆದ ಯಂತ್ರಕ್ಕೆ “ಲಂಚಕ್ಕೆ ಒಳಗಾಗದ ಗುಮಾಸ್ತ” ಎಂಬ ಅರ್ಥದ ಹೆಸರನ್ನು ಇಟ್ಟನು. ಆ ಕಣ್ಣು ಗಿರಾಕಿಯ ಮೇಲಿನದಲ್ಲ, ನೌಕರನ ಮೇಲಿನದೆಂಬುದನ್ನು ಇಲ್ಲಿ ಗಮನಿಸಬೇಕು.

ಅಂದಿನ ಅಂಗಡಿಯಲ್ಲಿ ಸರಕಿಗೂ ಗಿರಾಕಿಗೂ ನಡುವೆ ಒಂದು ಕಟ್ಟೆ ಇರುತ್ತಿತ್ತು; ಕಟ್ಟೆಯ ಆಚೆ ಅಂಗಡಿಯವನು. ಕೇಳಿದುದನ್ನು ಅವನು ತೆಗೆದುಕೊಡಬೇಕು. ಈ ಕಟ್ಟೆಯನ್ನು ಕಿತ್ತುಹಾಕಿದವನು ಕ್ಲಾರೆನ್ಸ್ ಸಾಂಡರ್ಸ್. 1916ರ ಸೆಪ್ಟೆಂಬರಿನಲ್ಲಿ ಟೆನೆಸಿ ಪ್ರಾಂತದ ಮೆಂಫಿಸ್ ನಗರದಲ್ಲಿ ಅವನು ತೆರೆದ ಪಿಗ್ಲಿ ವಿಗ್ಲಿ ಎಂಬ ಅಂಗಡಿಯಲ್ಲಿ ಗಿರಾಕಿಯು ಬುಟ್ಟಿಯೊಂದನ್ನು ಹಿಡಿದು ಒಳಗೆ ಹೋಗಿ, ಬೇಕಾದುದನ್ನು ತಾನೇ ಆರಿಸಿಕೊಂಡು, ಕೊನೆಗೆ ಬಾಗಿಲ ಬಳಿಯಲ್ಲಿ ಹಣ ತೆರುತ್ತಿದ್ದನು. ಆಳುಗಳ ಸಂಬಳ ಉಳಿಯಿತು, ಸರಕು ಅಗ್ಗವಾಯಿತು. ಆದರೆ ಕಣ್ಣಿಗೆ ಬಿದ್ದ ಸರಕು ಕೈಗೂ ಬೀಳುವಂತಾದುದರಿಂದ ಕಾವಲೆಲ್ಲ ಬಾಗಿಲ ಬಳಿಯ ಒಂದು ಮೊಳದ ಜಾಗಕ್ಕೆ ಬಂದು ನಿಂತಿತು. 1974ರ ಜೂನ್ 26ರಂದು ಅದೇ ಒಹಾಯೋ ಪ್ರಾಂತದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಗೆರೆಗಳ ಗುರುತಿದ್ದ ಚೂಯಿಂಗ್ ಗಮ್ಮಿನ ಪೊಟ್ಟಣವನ್ನು ಬೆಳಕಿನ ಯಂತ್ರವು ಮೊದಲ ಬಾರಿಗೆ ಓದಿ ಬೆಲೆ ಹೇಳಿತು. ಬಾರ್‌ಕೋಡ್ ಎಂದು ಈಗ ಎಲ್ಲರೂ ಬಲ್ಲ ಗುರುತು ಅದೇ. ಮುಂದಿನ ಶತಮಾನದ ಹೊತ್ತಿಗೆ ಓದಿಸುವ ಕೆಲಸವನ್ನೂ ಗಿರಾಕಿಗೇ ಬಿಟ್ಟುಕೊಟ್ಟ ಅಂಗಡಿಗಳು ಹೆಚ್ಚಿದವು. ಗುಮಾಸ್ತನೂ ಹೋದನು, ಅವನ ಕಣ್ಣೂ ಹೋಯಿತು. ಆ ಬರಿದಾದ ಸ್ಥಾನಕ್ಕೆ ಬಂದುದೇ ಕ್ಯಾಮರಾ.

ಈ ಕ್ಯಾಮರಾ ಬಹುಕಾಲದಿಂದ ಅಂಗಡಿಗಳ ಸೂರಿನಲ್ಲಿ ನೇತಾಡುತ್ತಿರುವ ಸಾಮಾನ್ಯ ಕ್ಯಾಮರಾದಂತಲ್ಲ. ಅದು ಚಿತ್ರವನ್ನು ತೆಗೆದು ಇಟ್ಟುಕೊಳ್ಳುವುದು ಮಾತ್ರ. ಕಳವಾದ ಮೇಲೆ ಯಾರಾದರೂ ಕುಳಿತು ನೋಡಬೇಕು. ಇದಾದರೋ ತಾನೇ ನೋಡಿ, ತಾನೇ ಎಣಿಸುತ್ತದೆ. ಇದರ ಕ್ರಮ ಹೀಗೆ. ಗಾಜಿನ ಮೇಲಿನ ಪ್ರತಿಯೊಂದು ವ್ಯವಹಾರದಲ್ಲಿ ಮೂರು ಅಂಗಗಳು: ಸರಕನ್ನು ಎತ್ತುವುದು, ಓದಿಸುವುದು, ಚೀಲಕ್ಕೆ ಇಡುವುದು. ಇಂಥ ಸಾವಿರಾರು ಚಿತ್ರಗಳನ್ನು, ಇದು ಸರಿಯಾದುದು, ಇದು ತಪ್ಪಾದುದು ಎಂದು ಮನುಷ್ಯರೇ ಗುರುತು ಹಾಕಿ, ಕಂಪ್ಯೂಟರಿಗೆ ಮೊದಲೇ ಪಾಠ ಹೇಳಿರುತ್ತಾರೆ. ಹೀಗೆ ಪಾಠವಾದ ಯಂತ್ರವು ಕೈಯ ಚಲನೆಯನ್ನು ಕಂಡು, ಇದೊಂದು ಸರಕು ಇತ್ತಣಿಂದ ಅತ್ತ ಹೋಯಿತೆಂದು ಬರೆದುಕೊಳ್ಳುತ್ತದೆ. ಗಲ್ಲಾಪೆಟ್ಟಿಗೆಯ ಯಂತ್ರವು ಯಾವ ಕ್ಷಣದಲ್ಲಿ ಯಾವ ಸರಕಿನ ಬೆಲೆಯನ್ನು ಕೂಡಿತೆಂಬ ಪಟ್ಟಿ ಬೇರೊಂದು ಇರುತ್ತದೆ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದಾಗ, ಚಲನೆಯುಂಟು, ಬೆಲೆಯಿಲ್ಲ ಎಂಬ ಸ್ಥಳ ಸಿಕ್ಕಿದರೆ ಅಲ್ಲಿಗೆ ಕೆಂಪು ದೀಪ.

ಹಿಡಿಯಬೇಕಾದ ಉಪಾಯಗಳೇನೂ ಕಡಿಮೆಯಿಲ್ಲ. ಗೆರೆಗಳ ಗುರುತನ್ನು ಬೆರಳಿನಿಂದ ಮುಚ್ಚಿ ಓದಿಸಿದಂತೆ ನಟಿಸುವುದು ಒಂದು. ಎರಡು ಪೊಟ್ಟಣಗಳನ್ನು ಒಂದರ ಮೇಲೊಂದಿಟ್ಟು ಕೆಳಗಿನದನ್ನು ಮಾತ್ರ ಓದಿಸುವುದು ಮತ್ತೊಂದು. ಬೆಲೆಯುಳ್ಳ ಹಣ್ಣನ್ನು ತಕ್ಕಡಿಯ ಮೇಲಿಟ್ಟು, ಅಗ್ಗದ ತರಕಾರಿಯ ಹೆಸರನ್ನು ಒತ್ತುವುದು ಮೂರನೆಯದು. ಈ ವಿಷಯವನ್ನು ವ್ಯಾಸಂಗಮಾಡಿದ ಲಂಡನ್ನಿನ ಎಮ್ಮೆಲಿನ್ ಟೇಲರ್ ಎಂಬ ವಿದುಷಿಯು, ಅಂಗಡಿಯಲ್ಲಿ ಇದ್ದುದಕ್ಕಿಂತ ಹೆಚ್ಚು ಗಜ್ಜರಿ ಮಾರಾಟವಾಗಿದೆಯೆಂದು ಲೆಕ್ಕ ತೋರಿಸಿದ ಪ್ರಸಂಗವನ್ನು ಹೇಳಿದ್ದಾರೆ. ಜನರು ಬೆಣ್ಣೆಹಣ್ಣನ್ನು ತೂಗಿ ಗಜ್ಜರಿಯ ಬೆಲೆ ಕೊಟ್ಟು ಹೋಗಿದ್ದರು! ಗುಮಾಸ್ತರಿರುವ ಕಡೆ ಬೇರೊಂದು ಬಗೆ: ತನ್ನ ಸ್ನೇಹಿತನೋ ಬಂಧುವೋ ಬಂದಾಗ ಗುಮಾಸ್ತನು ಕೆಲವು ಸರಕನ್ನು ಗಾಜಿನ ಪಕ್ಕದಲ್ಲಿ ಜಾರಿಸಿಬಿಡುವುದು. ಇದಕ್ಕೆ ಆ ವರ್ತಕರು ಸ್ವೀಟ್‌ಹಾರ್ಟಿಂಗ್ ಎನ್ನುತ್ತಾರೆ. ಪ್ರೀತಿಪಾತ್ರರಿಗೆ ಮಾಡುವ ಕಳವೆಂಬ ಭಾವ. ಇದನ್ನು ಹಿಡಿಯುವುದಕ್ಕಾಗಿಯೇ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಸ್ಟಾಪ್‌ಲಿಫ್ಟ್ ಎಂಬ ಕಂಪೆನಿ ಹುಟ್ಟಿತು. 2019ರಲ್ಲಿ ಅದನ್ನು ಕೊಂಡುಕೊಂಡುದು ಎನ್‌ಸಿಆರ್ ಸಂಸ್ಥೆ. ಅರ್ಥಾತ್ ಡೇಟನ್ನಿನ ರಿಟ್ಟಿಯ ಯಂತ್ರವನ್ನು ಕೈಯಿಂದ ಕೈಗೆ ಪಡೆದು ಬೆಳೆದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿಯೇ. ಲಂಚಕ್ಕೆ ಒಳಗಾಗದ ಗುಮಾಸ್ತನಿಗೆ ನೂರನಾಲ್ವತ್ತು ವರ್ಷಗಳ ತರುವಾಯ ಹೀಗೆ ಕಣ್ಣೂ ಬಂದಿತು.

ಇನ್ನು ಈ ಕಣ್ಣಿನ ಜ್ಞಾನ ಎಂಥದು? ಪಾಠಶಾಲೆಗಳಲ್ಲಿ ತರ್ಕಸಂಗ್ರಹವನ್ನು ಓದಿದ ಬಾಲಕನೂ ಪ್ರತ್ಯಕ್ಷ ಬೇರೆ, ಅನುಮಾನ ಬೇರೆ ಎಂದು ಬಲ್ಲನು. ಕೊತ್ತಂಬರಿಯು ಇತ್ತಣಿಂದ ಅತ್ತ ಹೋದುದು ಯಂತ್ರಕ್ಕೆ ಪ್ರತ್ಯಕ್ಷಕ್ಕೆ ಸಮಾನವಾದುದು. ಬೆಲೆ ಕೂಡಲಿಲ್ಲವೆಂಬುದೂ ಪಟ್ಟಿಯಿಂದ ಸಿದ್ಧ. ಇಲ್ಲಿಯವರೆಗೆ ಯಂತ್ರ ಸುಳ್ಳು ಹೇಳಿಲ್ಲ. ಆದಕಾರಣ ಕಳವಾಯಿತೆಂದು ಹೇಳುವುದು ಮಾತ್ರ ಅನುಮಾನ. ಅದು ನಿಲ್ಲಬೇಕಾದರೆ ವ್ಯಾಪ್ತಿ ಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಹೊಗೆಯನ್ನು ಕಂಡು ಬೆಂಕಿಯನ್ನು ಹೇಳಬಹುದು. ಬೆಂಕಿಯನ್ನು ಕಂಡು ಹೊಗೆಯನ್ನು ಹೇಳಬಾರದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆ ಸೇರಿದರೆ ಮಾತ್ರ ಹೊಗೆ. ಆ ಹಸಿಯ ಸೌದೆಗೆ ಶಾಸ್ತ್ರದಲ್ಲಿ ಉಪಾಧಿಯೆಂದು ಹೆಸರು. ಹಾಗೆಯೇ ಕಳವಾದಲ್ಲೆಲ್ಲ ಲೆಕ್ಕ ತಪ್ಪಿರುತ್ತದೆ. ಲೆಕ್ಕ ತಪ್ಪಿದಲ್ಲೆಲ್ಲ ಕಳವಿರುವುದಿಲ್ಲ. ಮರೆವಿನಿಂದ ತಪ್ಪಬಹುದು, ಮುಪ್ಪಿನಿಂದ ತಪ್ಪಬಹುದು, ಮಗುವೊಂದು ಸೆರಗು ಎಳೆದಾಗ ತಪ್ಪಬಹುದು, ತೊಟ್ಟಿಕ್ಕುವ ನೀರಿನಿಂದಲೂ ತಪ್ಪಬಹುದು. ಇಲ್ಲಿಯ ಹಸಿಯ ಸೌದೆ ಯಾವುದು? ಕದಿಯಬೇಕೆಂಬ ಸಂಕಲ್ಪ. ಅದು ಇರುವುದು ಮನಸ್ಸಿನಲ್ಲಿ. ಕ್ಯಾಮರಾ ಇರುವುದು ಸೂರಿನಲ್ಲಿ.

ಇದು ಕೇವಲ ಶುಷ್ಕತರ್ಕವಲ್ಲವೆಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡಬಹುದು. ಒಂದು ಅಂಗಡಿಗೆ ದಿನಕ್ಕೆ ಸಾವಿರ ಜನ ಬರುವರೆಂದೂ, ಅವರಲ್ಲಿ ಹತ್ತು ಮಂದಿ ಕಳ್ಳರೆಂದೂ ಊಹಿಸಿಕೊಳ್ಳೋಣ. ಯಂತ್ರವು ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯಬಲ್ಲುದಾಗಿ, ಪ್ರಾಮಾಣಿಕರಲ್ಲಿ ನೂರಕ್ಕೆ ಇಬ್ಬರ ವಿಷಯದಲ್ಲಿ ಮಾತ್ರ ತಪ್ಪಿದರೆ, ಬಹಳ ಸಮರ್ಥವಾದ ಯಂತ್ರವೆಂದೇ ಯಾರೂ ಹೇಳುವರು. ಆದರೆ ಉಳಿದ ಒಂಬೈನೂರ ತೊಂಬತ್ತು ಮಂದಿಯಲ್ಲಿ ನೂರಕ್ಕೆ ಇಬ್ಬರೆಂದರೆ ಸುಮಾರು ಇಪ್ಪತ್ತು ಮಂದಿ. ಒಂಬತ್ತು ಕಳ್ಳರಿಗಾಗಿ ಇಪ್ಪತ್ತು ಜನ ಸಾಧುಗಳು ಕೆಂಪು ದೀಪದ ಕೆಳಗೆ ನಿಂತರು. ಕಳ್ಳರು ಕಡಿಮೆಯಾಗಿರುವ ಊರಿನಲ್ಲಿ ಈ ಪ್ರಮಾಣ ಇನ್ನೂ ವಿಷಮವಾಗುವುದು. ಸಜ್ಜನರು ಹೆಚ್ಚಿದಷ್ಟೂ ದೀಪವು ಸಜ್ಜನರ ಮೇಲೆಯೇ ಹೆಚ್ಚಾಗಿ ಬೆಳಗುವುದೆಂಬುದು ವಿಚಿತ್ರವಾದರೂ ಗಣಿತಸಿದ್ಧವಾದ ಮಾತು.

ಲೋಕದ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ವಾಲ್‌ಮಾರ್ಟ್ ಎಂಬ ಮಹಾವ್ಯಾಪಾರಿಗಳು ತಮ್ಮ ಸಾವಿರಕ್ಕೂ ಹೆಚ್ಚು ಅಂಗಡಿಗಳಲ್ಲಿ ಇಂಥ ಯಂತ್ರವನ್ನು ಇಟ್ಟಿರುವುದು 2019ರಲ್ಲಿ ಪ್ರಕಟವಾಯಿತು. ಅದನ್ನು ಒದಗಿಸಿದವರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಎವರ್‌ಸೀನ್ ಕಂಪೆನಿ ಒಂದು. ಮರುವರ್ಷವೇ ಆ ಅಂಗಡಿಗಳ ಕೆಲವು ನೌಕರರು, ಯಂತ್ರವು ನಿರಪರಾಧಿಗಳ ಮೇಲೆ ಸುಮ್ಮಸುಮ್ಮನೆ ಕೂಗುತ್ತದೆಂದೂ, ನಿಜವಾದ ಕಳವನ್ನು ಬಿಡುತ್ತದೆಂದೂ ದೂರಿ, ಅದಕ್ಕೆ “ನೆವರ್‌ಸೀನ್” ಎಂದು, ಎಂದರೆ ಎಂದೂ ಕಾಣದ್ದೆಂದು, ಅಡ್ಡಹೆಸರಿಟ್ಟರು. ವ್ಯಾಪಾರಿಗಳು ಯಂತ್ರವನ್ನೇ ಸಮರ್ಥಿಸಿಕೊಂಡರು.

ಯಂತ್ರದ ಹಿಂದೆ ಮನುಷ್ಯನ ಕಣ್ಣು ಇಲ್ಲವೆಂದೂ ತಿಳಿಯಬಾರದು. ಅಮೆಜಾನ್ ಕಂಪೆನಿಯು 2018ರಲ್ಲಿ ಸಿಯಾಟಲ್ ನಗರದಲ್ಲಿ, ಗಲ್ಲಾಪೆಟ್ಟಿಗೆಯೇ ಇಲ್ಲದ, ಸರಕು ತೆಗೆದುಕೊಂಡು ನೇರವಾಗಿ ಹೊರನಡೆಯಬಹುದಾದ ಅಂಗಡಿಯನ್ನು ಜನಕ್ಕೆ ತೆರೆಯಿತು. ಸೂರಿನ ತುಂಬ ಕ್ಯಾಮರಾಗಳೇ. 2024ರಲ್ಲಿ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಆ ಏರ್ಪಾಡನ್ನು ತೆಗೆಯುವುದಾಗಿ ಕಂಪೆನಿಯು ಹೇಳಿದಾಗ, ಅದರ ಚಿತ್ರಗಳನ್ನು ನೋಡಿ ಗುರುತು ಹಾಕುವ ಸುಮಾರು ಸಾವಿರ ಮಂದಿ ಭಾರತದಲ್ಲಿದ್ದರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅವರು ಕುಳಿತು ಗಿರಾಕಿಗಳನ್ನು ನೋಡುತ್ತಿದ್ದರೆಂಬ ಅರ್ಥ ಸರಿಯಲ್ಲ, ಯಂತ್ರಕ್ಕೆ ಪಾಠ ಹೇಳುವುದೂ ಸಂದೇಹವಿದ್ದ ಕೆಲವನ್ನು ಪರಿಶೀಲಿಸುವುದೂ ಅವರ ಕೆಲಸವೆಂದು ಕಂಪೆನಿಯು ಸಮಾಧಾನ ಹೇಳಿತು. ಹೇಗಾದರೂ ಆಗಲಿ, ಸಾವಿರಾರು ಮೈಲಿಗಳಾಚೆ ಒಬ್ಬನು ಸೇಬನ್ನು ಎತ್ತಿಕೊಂಡ ಕೈ, ಇಲ್ಲಿಯ ಯಾವನೋ ತರುಣನ ಕಣ್ಣ ಮುಂದೆ ಹಾದುಹೋಗಿರಬಹುದೆಂಬುದು ಯೋಚನೆಗೆ ಈಡುಮಾಡುವ ಸಂಗತಿ.

ಅನುಮಾನವು ಕೈಯನ್ನು ಬಿಟ್ಟು ಮುಖಕ್ಕೆ ಏರಿದಾಗ ಅಪಾಯ ಇನ್ನೂ ಹೆಚ್ಚು. ರೈಟ್ ಏಡ್ ಎಂಬ ಔಷಧದಂಗಡಿಗಳವರು 2012ರಿಂದ 2020ರವರೆಗೆ ಕೆಲವು ಅಂಗಡಿಗಳಲ್ಲಿ ಮುಖ ಗುರುತಿಸುವ ಯಂತ್ರವನ್ನಿಟ್ಟು, ಹಿಂದೆ ಕದ್ದವರೆಂದು ತಾವು ಬರೆದುಕೊಂಡಿದ್ದವರ ಚಿತ್ರಗಳೊಡನೆ ಬಂದವರ ಮುಖವನ್ನು ಹೋಲಿಸುತ್ತಿದ್ದರು. ತಪ್ಪು ಹೋಲಿಕೆಯಿಂದ ಹನ್ನೊಂದು ವರ್ಷದ ಬಾಲಿಕೆಯೊಬ್ಬಳನ್ನು ಶೋಧಿಸಿದ ಪ್ರಸಂಗವನ್ನು ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ ತನ್ನ ದೂರಿನಲ್ಲಿ ಕಾಣಿಸಿ, 2023ರ ಡಿಸೆಂಬರಿನಲ್ಲಿ ಆ ಕಂಪೆನಿಯು ಐದು ವರ್ಷ ಅಂಥ ಯಂತ್ರವನ್ನು ಬಳಸಕೂಡದೆಂಬ ನಿರ್ಬಂಧಕ್ಕೆ ಒಳಪಡಿಸಿತು. ಶೋಧನೆ ಮುಗಿದರೂ ಆ ಮಗುವಿನ ಮನಸ್ಸಿನಲ್ಲಿ ಅಂಗಡಿಯ ಬಾಗಿಲು ಮೊದಲಿನ ಬಾಗಿಲಾಗಿ ಉಳಿದೀತೆ?

ಹಾಗಾದರೆ ಕಾವಲೇ ಬೇಡವೆ? ಹಾಗೆಂದು ಹೇಳುವವನು ವ್ಯಾಪಾರವನ್ನೂ ಅರಿಯನು, ಮನುಷ್ಯನನ್ನೂ ಅರಿಯನು. ಕಳವಾದ ಸರಕಿನ ಬೆಲೆಯನ್ನು ವರ್ತಕನು ಕೊನೆಗೆ ಕದಿಯದವರಿಂದಲೇ ವಸೂಲುಮಾಡಬೇಕಾಗುತ್ತದೆ. ಪರೀಕ್ಷೆಯೆಲ್ಲ ಅವಮಾನವೂ ಅಲ್ಲ. ಇದನ್ನು ರಾಯರಿಗಿಂತ ಚೆನ್ನಾಗಿ ಬಲ್ಲವರಾರು? ಖಜಾನೆಯ ಭದ್ರಕೋಣೆಗೆ ಎರಡು ಬೀಗ. ಒಂದರ ಕೀಲಿಕೈ ಒಬ್ಬ ಅಧಿಕಾರಿಯಲ್ಲಿ, ಮತ್ತೊಂದರದು ಇನ್ನೊಬ್ಬನಲ್ಲಿ. ಇಬ್ಬರೂ ಕೂಡಿದ ಹೊರತು ಬಾಗಿಲು ತೆರೆಯದು. ಮೂವತ್ತೆರಡು ವರ್ಷಗಳಲ್ಲಿ ಆ ಎರಡನೆಯ ಬೀಗವನ್ನು ಕಂಡು ತಮ್ಮನ್ನು ಕಳ್ಳನೆಂದರೆಂದು ರಾಯರು ಒಂದು ದಿನವೂ ನೊಂದುಕೊಂಡವರಲ್ಲ. ಏಕೆಂದರೆ ಆ ಬೀಗ ಎಲ್ಲರಿಗೂ ಸಮಾನವಾದುದು, ಎಲ್ಲರಿಗೂ ಗೊತ್ತಿದ್ದುದು, ಎಣಿಕೆ ನಡೆಯುತ್ತಿದ್ದುದು ಅವರ ಎದುರಿನಲ್ಲಿಯೇ. ಲೆಕ್ಕ ಒಮ್ಮೆ ತಾಳೆಯಾಗದಿದ್ದರೆ ಮೊದಲು ಬರುತ್ತಿದ್ದ ಮಾತು, “ಇನ್ನೊಂದು ಸಾರಿ ಎಣಿಸೋಣ” ಎಂಬುದು. ಕಳ್ಳನಾರೆಂಬ ಪ್ರಶ್ನೆ ಅದರ ಎಷ್ಟೋ ಹಿಂದೆ ನಿಂತಿರುತ್ತಿತ್ತು.

ಹಾಗೆ ಇನ್ನೊಂದು ಸಾರಿ ಎಣಿಸದೆ ಹೋದುದರ ಫಲವೇ ಮಾಂಡವ್ಯನ ಕಥೆ. ಕಳ್ಳರು ಕದ್ದ ಒಡವೆಯನ್ನು ತಂದು ಮುನಿಯ ಆಶ್ರಮದಲ್ಲಿ ಅಡಗಿಸಿದರು. ಮೌನವ್ರತದಲ್ಲಿದ್ದ ಮುನಿ ರಾಜಭಟರಿಗೆ ಉತ್ತರ ಹೇಳಲಿಲ್ಲ. ಒಡವೆ ಸಿಕ್ಕಿತು, ಮುನಿಯನ್ನು ಶೂಲಕ್ಕೆ ಏರಿಸಿದರು. ಒಡವೆ ಅಲ್ಲಿದ್ದುದು ಪ್ರತ್ಯಕ್ಷವೇ. ರಾಜನ ಕಣ್ಣು ಕಂಡುದು ಸುಳ್ಳಲ್ಲ. ಸುಳ್ಳಾದುದು ಕಣ್ಣಿನ ಮುಂದಿನ ಹೆಜ್ಜೆ. ದಂಡನೀತಿಯಲ್ಲಿ ಅಷ್ಟು ಕಠಿನನಾದ ಕೌಟಿಲ್ಯನೂ ಈ ಮಾಂಡವ್ಯನ ಹೆಸರನ್ನೆತ್ತಿ, ಕಳ್ಳನಲ್ಲದವನೂ ಕ್ಲೇಶದ ಭಯದಿಂದ ಕಳ್ಳನೆಂದು ಒಪ್ಪಿಕೊಳ್ಳುವುದುಂಟಾದ್ದರಿಂದ ಸಾಕ್ಷ್ಯವು ಪರಿಪೂರ್ಣವಾದ ಹೊರತು ದಂಡಿಸಲಾಗದೆಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ನಾಲ್ವತ್ತು ಬಗೆಯ ಅಪಹಾರಗಳನ್ನು ಎಣಿಸಿದವನೇ ಈ ಎಚ್ಚರಿಕೆಯನ್ನೂ ಹೇಳಿದನೆಂಬುದು ಗಮನಾರ್ಹ.

ಯಂತ್ರವನ್ನು ಈ ಮರ್ಯಾದೆಯೊಳಗೆ ನಿಲ್ಲಿಸುವುದು ಸಾಧ್ಯವೂ ಹೌದು. 2025ರಲ್ಲಿ ಇಂಗ್ಲೆಂಡಿನ ಟೆಸ್ಕೋ ಅಂಗಡಿಗಳವರು ಕೆಲವು ಕಡೆಗಳಲ್ಲಿ, ಸರಕೊಂದು ಓದಿಸಲ್ಪಡದೆ ಹೋದಾಗ, ಆ ಕ್ಷಣದ ಚಿತ್ರವನ್ನು ಗಿರಾಕಿಗೇ ತೋರಿಸಿ, ಹಿಂದಿನ ಸರಕು ಸರಿಯಾಗಿ ಓದಿಸಲ್ಪಡಲಿಲ್ಲ, ಮತ್ತೊಮ್ಮೆ ನೋಡಿರೆಂದು ತಿಳಿಸುವ ಏರ್ಪಾಡನ್ನು ಮಾಡಿದರು. ಕಾಲ್ಚೆಂಡಿನ ಆಟದಲ್ಲಿ ಪಂಚಾಯಿತರು ಚಿತ್ರವನ್ನು ಮತ್ತೆ ನೋಡುವುದಕ್ಕೆ ಅಲ್ಲಿಯ ಜನ ಇದನ್ನು ಹೋಲಿಸಿ ನಕ್ಕರು. ನಗುವಿಗೆ ಕಾರಣವಿದ್ದರೂ ಇರಲಿ. ಇಲ್ಲಿ ಯಂತ್ರವು ತಾನು ಕಂಡುದನ್ನು ಮಾತ್ರ ಹೇಳಿ, ಕಾಣದುದನ್ನು ಹೇಳದೆ ನಿಲ್ಲುತ್ತದೆ. ಮರೆತವನಿಗೆ ಅದು ಜ್ಞಾಪಕ; ಕದಿಯಬೇಕೆಂದಿದ್ದವನಿಗೆ ಮರ್ಯಾದೆಯಿಂದ ಹಿಂದಿರುಗುವುದಕ್ಕೆ ಒಂದು ಬಾಗಿಲು. ಅನುಮಾನವೆಂಬ ಪದಕ್ಕೆ ಶಾಸ್ತ್ರದಲ್ಲಿ ಯುಕ್ತಿಯಿಂದ ತಿಳಿಯುವುದೆಂದೂ, ಕನ್ನಡದ ಮನೆಮಾತಿನಲ್ಲಿ ಶಂಕೆಯೆಂದೂ ಅರ್ಥವುಂಟು. ಮೊದಲನೆಯ ಅರ್ಥದಲ್ಲಿ ಹುಟ್ಟಿದ ಯಂತ್ರವು ಎರಡನೆಯ ಅರ್ಥಕ್ಕೆ ಜಾರದಂತೆ ನೋಡಿಕೊಳ್ಳತಕ್ಕವನು ಮಾತ್ರ ಮನುಷ್ಯನೇ.

ಆ ಸಂಜೆ ಮಗನು ಮನೆಗೆ ಬಂದು ಸಂಗತಿಯನ್ನು ಕೇಳಿ, “ಅಪ್ಪ, ನನ್ನನ್ನೂ ಅದು ಎಷ್ಟೋ ಸಾರಿ ನಿಲ್ಲಿಸಿದೆ, ನನಗೆ ಮರೆತೂ ಹೋಗಿದೆ” ಎಂದನು. ರಾಯರು ಆ ಮಾತಿನಿಂದ ಸಮಾಧಾನಗೊಂಡರೋ, ಇನ್ನಷ್ಟು ವಿಷಾದಪಟ್ಟರೋ ಹೇಳುವುದು ಕಷ್ಟ. ನಾಲ್ಕು ದಿನ ಅವರು ಆ ಕಡೆಗೆ ಸುಳಿಯಲಿಲ್ಲ. ಐದನೆಯ ದಿನ ಮಜ್ಜಿಗೆಗೆ ಹಾಲಿಲ್ಲದಂತಾದಾಗ ಹೊರಟರು. ಅದೇ ಗಾಜು, ಅದೇ ಪರದೆ. ದೂರದಲ್ಲಿ ನಿಂತಿದ್ದ ಆ ಹುಡುಗಿ ಗುರುತು ಹಿಡಿದು ಕೈಯೆತ್ತಿದಳು.

“ಕೊತ್ತಂಬರಿಯನ್ನು ಮೊದಲು ತೋರಿಸಿಬಿಡಿ” ಎಂದರು ಪತ್ನಿ.

ರಾಯರು ಕಟ್ಟನ್ನು ಎತ್ತಿ, ನೀರನ್ನು ಒಮ್ಮೆ ಕೊಡವಿ, ಖಜಾನೆಯಲ್ಲಿ ನೋಟಿನ ಕಟ್ಟನ್ನು ಎದುರಿನವನಿಗೆ ತೋರಿಸುತ್ತಿದ್ದಂತೆಯೇ ಎರಡು ಕೈಯಿಂದ ಹಿಡಿದು ಗಾಜಿನ ಮೇಲೆ ಹಾಯಿಸಿದರು. ಯಂತ್ರವು ಬೆಲೆ ಹೇಳಿತು. ದೀಪ ಹಸುರಾಗಿಯೇ ಇತ್ತು. ಆದರೂ ಅವರು ಅಭ್ಯಾಸಬಲದಿಂದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಂದು ಸಾರಿ ಎಣಿಸಿಯೇ ಹಣ ಸಲ್ಲಿಸಿದರು.